ಕೈ ರೂಟರ್‌ನಲ್ಲಿ ನುಣುಪಾದ ಅಂಚು, ಸ್ವಚ್ಛವಾದ ಗ್ರೂವ್: ಸಮಗ್ರ ಮಾರ್ಗದರ್ಶಿ

ರೂಟರ್‌ನಲ್ಲಿ (ತಿರುಗುವ ಅಲಗಿನಿಂದ ಮರದ ಅಂಚು ಮತ್ತು ಗ್ರೂವ್, ಅಂದರೆ ಉದ್ದ ತೋಡು, ಕೊರೆಯುವ ಮಷಿನ್) ಕೊರೆದ ಅಂಚು ಒರಟಾಗಿ ಬಂದರೆ ಮೊದಲು ದೂರು ಹೋಗುವುದು ಮಷಿನ್ ಮೇಲೆ, ಆಮೇಲೆ ಅದಕ್ಕೆ ಹಾಕುವ ಬಿಟ್, ಅಂದರೆ ಅಲಗಿನ ಮೇಲೆ. ಆದರೆ ದುಬಾರಿ ಮಷಿನ್ ಕೂಡ ಸುಟ್ಟ ಕಲೆ, ಸಿಬಿರು, ಅಲೆ ಗುರುತು ಬಿಡುತ್ತದೆ. ಸಣ್ಣ ರೂಟರ್ ಆದ ಸಾಧಾರಣ ಟ್ರಿಮ್ಮರ್‌ನಲ್ಲಿಯೂ 180 ನಂಬರಿನ ಸ್ಯಾಂಡ್ ಪೇಪರ್ ಎರಡು ಸಲ ಎಳೆದರೆ ಸಾಕೆನ್ನುವಂಥ ಅಂಚು ತೆಗೆಯಬಹುದು. ನಿರ್ಧಾರವಾಗುವುದು ಮೂರು ಕಡೆ: ಮಷಿನ್ ಯಾವ ದಿಕ್ಕಿಗೆ ಓಡಿತು, ಒಂದು ಸಲಕ್ಕೆ ಎಷ್ಟು ಮರ ತೆಗೆಯಿತು, ಎಷ್ಟು ವೇಗವಾಗಿ ಮುಂದಕ್ಕೆ ಸಾಗಿತು. ಇವುಗಳ ಜೊತೆಗೆ ಒಂದು ಅಭ್ಯಾಸ ಬೇಕು. ಕೊನೆಯ ಅರ್ಧ ಮಿಲಿಮೀಟರನ್ನು ಬೇರೆಯಾಗಿ ಉಳಿಸಿಕೊಂಡು, ಅದನ್ನು ಅಂದಕ್ಕಾಗಿಯೇ ತೆಗೆಯಬೇಕು. ಮೊದಲಿನ ಓಟಗಳು ಮರ ಕಡಿಮೆ ಮಾಡುವುದಕ್ಕೆ, ಕಣ್ಣಿಗೆ ಕಾಣುವ ಮೈ ಹುಟ್ಟುವುದು ಕೊನೆಯ ಓಟದಲ್ಲಿ.

ಬಿಟ್, ಕಾಲೆಟ್

ಎಚ್‌ಎಸ್‌ಎಸ್ (ಹೈಸ್ಪೀಡ್ ಉಕ್ಕಿನ) ಬಿಟ್ ಹೊಸದಿದ್ದಾಗ ಚೆನ್ನಾಗಿಯೇ ಕೊರೆಯುತ್ತದೆ, ಆದರೆ ಬಹಳ ಬೇಗ ಮೊಂಡಾಗುತ್ತದೆ. ಸಾಗುವಾನಿಯಲ್ಲಿ ಸಿಲಿಕಾ ಅಂಶವಿದೆ. ಪ್ಲೈವುಡ್ ಮತ್ತು ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ನಲ್ಲಿ ಗಟ್ಟಿಯಾದ ಅಂಟಿದೆ. ಎರಡೂ ಅಲಗನ್ನು ತಿನ್ನುತ್ತವೆ. ಹಾಗಾಗಿ ಕಾರ್ಬೈಡ್ ತುದಿಯ, ಅಂದರೆ ಅಂಗಡಿಯಲ್ಲಿ ಟಿಸಿಟಿ ಎಂದು ಕೇಳುವ ಬಿಟ್ಟನ್ನೇ ಕೊಳ್ಳಿ. ಇಪ್ಪತ್ತು ಮೂವತ್ತು ಬಿಟ್ ಇರುವ ಅಗ್ಗದ ಪೆಟ್ಟಿಗೆಗಿಂತ, ನಿಜವಾಗಿ ಬಳಸುವ ನಾಲ್ಕು ಒಳ್ಳೆಯ ಬಿಟ್ ಲಾಭ: 6 ಮತ್ತು 12 ಮಿ.ಮೀ. ನೇರ ಬಿಟ್, ಬೇರಿಂಗ್ (ಅಂಚಿಗೆ ತಾಗಿ ಉರುಳುವ ಸಣ್ಣ ಚಕ್ರ) ಇರುವ, ಹೊರಚಾಚಿದ್ದನ್ನು ಸಮ ಮಾಡುವ ಫ್ಲಶ್ ಟ್ರಿಮ್ ಬಿಟ್, ಅಂಚನ್ನು ಗುಂಡು ಮಾಡುವ ಒಂದು ರೌಂಡ್ ಓವರ್.

ಬಿಟ್ಟನ್ನು ಹಿಡಿಯುವ ಕಾಲೆಟ್ ಅಳತೆಯಲ್ಲಿ ನಮ್ಮ ಮಾರುಕಟ್ಟೆಯಲ್ಲಿ ಒಂದು ಅಪಾಯವಿದೆ. 6 ಮಿ.ಮೀ. ಮತ್ತು ಕಾಲು ಇಂಚು, ಅಂದರೆ 6.35 ಮಿ.ಮೀ., ಶ್ಯಾಂಕ್‌ಗಳು (ಕಾಲೆಟ್ ಒಳಗೆ ಕೂರುವ ಬಿಟ್ಟಿನ ಕಾಂಡ) ಅಕ್ಕಪಕ್ಕದಲ್ಲೇ ಮಾರಾಟಕ್ಕಿರುತ್ತವೆ. 12 ಮಿ.ಮೀ. ಮತ್ತು ಅರ್ಧ ಇಂಚಿನ 12.7 ಕೂಡ ಹಾಗೆಯೇ. ಕಾಲು ಇಂಚಿನ ಕಾಲೆಟ್‌ಗೆ 6 ಮಿ.ಮೀ. ಬಿಟ್ ಹಾಕಿದರೆ ನಟ್ ಬಿಗಿಯಾದಂತೆ ಕಂಡರೂ ಹಿಡಿತ ಸಿಕ್ಕಿರುವುದಿಲ್ಲ. ಬಿಟ್ ಮೆಲ್ಲನೆ ಕೆಳಗೆ ಜಾರಿ ಗ್ರೂವ್ ಆಳವಾಗುತ್ತ ಹೋಗುತ್ತದೆ. ಕೆಟ್ಟ ಗಳಿಗೆಯಲ್ಲಿ ಹೊರಗೇ ಹಾರುತ್ತದೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದೇ ಹಾಕಿ.

ಬಿಟ್ ಕೂರಿಸುವ ಕ್ರಮ ಹೀಗಿದೆ. ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಮಾತ್ರ ಸಾಲದು. ಕಾಲೆಟ್ ಒಳಗಿನ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ, ಎಣ್ಣೆ ಹಾಕಬೇಡಿ. ಶ್ಯಾಂಕನ್ನು ತಳ ಮುಟ್ಟುವವರೆಗೆ ಇಳಿಸಿ, ಆಮೇಲೆ 2ರಿಂದ 3 ಮಿ.ಮೀ. ಮೇಲಕ್ಕೆಳೆದು ಬಿಗಿಮಾಡಿ. ತಳಕ್ಕೆ ತಾಗಿಸಿಯೇ ಬಿಗಿ ಮಾಡಿದರೆ ಕಾಲೆಟ್ ಬಿಗಿಯುವಾಗ ಬಿಟ್ ಕೆಳಗೆ ಸರಿಯಲು ಜಾಗವಿಲ್ಲದೆ ಹಿಡಿತ ಅರೆಬರೆಯಾಗುತ್ತದೆ. ಶ್ಯಾಂಕ್‌ನ ಮುಕ್ಕಾಲು ಭಾಗವಾದರೂ ಒಳಗಿರಲಿ. ಅಲಗಿನ ಕಡೆಗೆ ಶ್ಯಾಂಕ್ ದಪ್ಪವಾಗುವ ಬಾಗು ಕಾಲೆಟ್ ಒಳಗೆ ಹೋಗಕೂಡದು. ಬಿಚ್ಚಿದಾಗ ಶ್ಯಾಂಕ್ ಮೇಲೆ ಕಂದು ಅಥವಾ ಕಪ್ಪು ಉಂಗುರ ಕಂಡರೆ ಬಿಟ್ ಜಾರಿದೆ ಎಂದು ಅರ್ಥ. ಅಂಥ ಕಾಲೆಟ್ ಬದಲಿಸಿ, ಅದು ಸವೆಯುವ ಭಾಗವೇ.

ಮಷಿನ್ ಎರಡೂ ಅಳತೆ ಹಿಡಿಯುವುದಾದರೆ ದಪ್ಪ ಶ್ಯಾಂಕ್ ಆರಿಸಿ. ಉದ್ದ ಒಂದೇ ಇದ್ದರೆ 12 ಮಿ.ಮೀ. ದಪ್ಪದ ಉಕ್ಕು 6 ಮಿ.ಮೀ.ಗಿಂತ ಬಾಗುವಿಕೆಗೆ 16 ಪಟ್ಟು ಗಟ್ಟಿ. ಅಂಚಿನ ಮೇಲೆ ಕಾಣುವ ಸಣ್ಣ ಅಲೆಗಳಲ್ಲಿ ದೊಡ್ಡ ಪಾಲು ಬಿಟ್ ಬಾಗಿ ಅದುರುವುದರಿಂದ ಬರುವಂಥದು. ಅದೇ ಕಾರಣಕ್ಕೆ ಅಗತ್ಯಕ್ಕಿಂತ ಉದ್ದದ ಬಿಟ್ ಹಾಕಬೇಡಿ.

ತಿರುಗುವ ವೇಗ, ಸಾಗುವ ವೇಗ

ಬಿಟ್ ಅಗಲವಾದಷ್ಟೂ ಅದರ ಹೊರ ಅಂಚು ಹೆಚ್ಚು ವೇಗವಾಗಿ ಓಡುತ್ತದೆ. ನಿಮಿಷಕ್ಕೆ 24,000 ಸುತ್ತಿನಲ್ಲಿ 12 ಮಿ.ಮೀ. ಬಿಟ್ಟಿನ ಅಲಗು ಸೆಕೆಂಡಿಗೆ ಸುಮಾರು 15 ಮೀಟರ್ ಓಡಿದರೆ, 50 ಮಿ.ಮೀ. ಬಿಟ್ಟಿನದು 63 ಮೀಟರ್ ಓಡುತ್ತದೆ. ಎರಡನೆಯದು ಮರವನ್ನು ಸುಡುತ್ತದೆ, ಕೈಯಲ್ಲಿ ಹಿಡಿತಕ್ಕೂ ಸಿಗುವುದಿಲ್ಲ. ಬಳಕೆಯ ಲೆಕ್ಕ: 25 ಮಿ.ಮೀ. ಅಗಲದವರೆಗೆ 22,000ದಿಂದ 24,000. 25ರಿಂದ 50ರವರೆಗೆ 18,000. 50 ದಾಟಿದರೆ 16,000 ಅಥವಾ ಅದಕ್ಕೂ ಕಡಿಮೆ, ಅಂಥ ಬಿಟ್ಟನ್ನು ಕೈಯಲ್ಲಿ ಓಡಿಸದೆ ರೂಟರ್ ಟೇಬಲ್ ಮೇಲೆ ಬಳಸುವುದೇ ಸರಿ. ಬಿಟ್ ಮೇಲೆ ಗರಿಷ್ಠ ವೇಗ ಬರೆದಿದ್ದರೆ ಅದೇ ಕೊನೆಯ ಮಾತು.

ವೇಗ ಬದಲಿಸಲು ಬಾರದ ಟ್ರಿಮ್ಮರ್‌ಗಳು 30,000ದ ಆಸುಪಾಸಿನಲ್ಲೇ ಓಡುತ್ತವೆ. ಅವುಗಳಿಗೆ ಸಣ್ಣ ಬಿಟ್ಟೇ ಗತಿ. 10 ಮಿ.ಮೀ. ತ್ರಿಜ್ಯದ ರೌಂಡ್ ಓವರ್ ಬಿಟ್ ಬೇರಿಂಗ್ ಸೇರಿ 32 ಮಿ.ಮೀ. ಅಗಲ ಬರುತ್ತದೆ, ಅದಕ್ಕೆ ವೇಗ ಇಳಿಸಬಲ್ಲ ಮಷಿನ್ ಬೇಕು. ಟ್ರಿಮ್ಮರ್‌ನಲ್ಲಿ 6 ಮಿ.ಮೀ. ತ್ರಿಜ್ಯಕ್ಕೆ ನಿಲ್ಲಿಸಿ.

ಇನ್ನು ಕೈ ಎಷ್ಟು ಬೇಗ ಸಾಗಬೇಕು? 18,000 ಸುತ್ತಿನ ಎರಡು ಅಲಗಿನ ಬಿಟ್ ನಿಮಿಷಕ್ಕೆ 36,000 ಸಲ ಕಚ್ಚುತ್ತದೆ. ಪ್ರತಿ ಕಚ್ಚಿಗೆ 0.1 ಮಿ.ಮೀ. ಮರ ಸಿಗಬೇಕಾದರೆ ನಿಮಿಷಕ್ಕೆ 3.6 ಮೀಟರ್, ಅಂದರೆ ಒಂದು ಮೀಟರ್ ಅಂಚಿಗೆ 17 ಸೆಕೆಂಡ್. ಹೆಚ್ಚಿನವರು ಇದಕ್ಕಿಂತ ಬಹಳ ನಿಧಾನ ಹೋಗುತ್ತಾರೆ, ನಿಧಾನವಾದಷ್ಟೂ ನುಣುಪು ಎಂದು ನಂಬಿ. ಆಗುವುದು ಉಲ್ಟಾ. ಕಚ್ಚಲು ಮರ ಸಿಗದ ಅಲಗು ಉಜ್ಜತೊಡಗುತ್ತದೆ, ಉಜ್ಜಿದರೆ ಬಿಸಿ, ಬಿಸಿಯಿಂದ ಕಪ್ಪು ಕಲೆ ಮತ್ತು ಮೊಂಡು ಬಿಟ್. ಕೆಳಗೆ ಬೀಳುವುದನ್ನು ನೋಡಿ: ಸಣ್ಣ ಚೂರುಗಳು ಬಿದ್ದರೆ ಸರಿ, ಗಟ್ಟಿಮರದಲ್ಲಿ ಬರೀ ಹಿಟ್ಟಿನಂಥ ಪುಡಿ ಬಂದರೆ ಕೈ ನಿಧಾನವಾಗಿದೆ ಅಥವಾ ಬಿಟ್ ಮೊಂಡಾಗಿದೆ. ಎಂಡಿಎಫ್‌ಗೆ ಮಾತ್ರ ಈ ಪರೀಕ್ಷೆ ನಡೆಯದು, ಅದು ಯಾವಾಗಲೂ ಹಿಟ್ಟೇ. ಮೋಟಾರಿನ ಸದ್ದು ತಗ್ಗಿ ನರಳತೊಡಗಿದರೆ ಆಳ ಹೆಚ್ಚಾಗಿದೆ. ಕೈ ನಿಧಾನ ಮಾಡದೆ ಆಳ ಕಡಿಮೆ ಮಾಡಿ.

ಸದ್ದು ಯಾವಾಗಲೂ ತಗ್ಗಿಯೇ ಇದ್ದರೆ ಎಕ್ಸ್‌ಟೆನ್ಷನ್ ವೈರ್ ನೋಡಿ. ತೆಳ್ಳಗಿನ ಉದ್ದ ವೈರಿನಲ್ಲಿ ವೋಲ್ಟೇಜ್ ಇಳಿದು ಮೋಟಾರ್ ಸೊರಗುತ್ತದೆ. ದೊಡ್ಡ ರೂಟರ್‌ಗೆ 2.5 ಚದರ ಮಿ.ಮೀ. ತಾಮ್ರದ ವೈರ್ ಇರಲಿ, ಸುರುಳಿ ಪೂರ್ತಿ ಬಿಚ್ಚಿರಲಿ.

ದಿಕ್ಕು: ಮಷಿನ್ ಎಡಕ್ಕೆ ಎಳೆಯುತ್ತದೆ

ಮೇಲಿನಿಂದ ನೋಡಿದರೆ ಕೈ ರೂಟರ್‌ನ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ನೀವು ಮಷಿನ್ನನ್ನು ಮುಂದೆ ತಳ್ಳುವಾಗ ಅಲಗು ಎದುರಿನ ಮರವನ್ನು ಎಡದಿಂದ ಬಲಕ್ಕೆ ಹೊಡೆಯುತ್ತದೆ. ಮರ ತಿರುಗಿ ಕೊಡುವ ಒತ್ತಡಕ್ಕೆ ಮಷಿನ್ ಎಡಕ್ಕೆ ಸರಿಯುತ್ತದೆ. ಸಾಗುವ ದಿಕ್ಕಿಗೆ ಮುಖಮಾಡಿ ನೋಡಿದರೆ ಸೆಳೆತ ಯಾವಾಗಲೂ ಎಡಕ್ಕೇ. ಇದೊಂದು ತಿಳಿದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ:

ಅಂಚು ಕೊರೆಯುವಾಗ ಮರ ನಿಮ್ಮ ಸಾಗುವಿಕೆಯ ಎಡಕ್ಕಿರಬೇಕು. ಆಗ ಸೆಳೆತ ಬೇರಿಂಗನ್ನು ಮರಕ್ಕೇ ಒತ್ತುತ್ತದೆ. ನಿಮ್ಮ ಹೊಟ್ಟೆಯ ಕಡೆಯ ಅಂಚಾದರೆ ಎಡದಿಂದ ಬಲಕ್ಕೆ, ಇಡೀ ಹಲಗೆಯ ಸುತ್ತ ಆದರೆ ಅಪ್ರದಕ್ಷಿಣೆ. ಚೌಕಟ್ಟಿನ ಒಳ ಅಂಚಾದರೆ ಪ್ರದಕ್ಷಿಣೆ.

ಹಲಗೆಯ ಮೇಲೆ ಪಟ್ಟಿ ಕ್ಲ್ಯಾಂಪ್ ಮಾಡಿ ಗ್ರೂವ್ ಹೊಡೆಯುವಾಗ ಪಟ್ಟಿ ಎಡಕ್ಕಿರಲಿ. ಸೆಳೆತ ಬೇಸನ್ನು (ಮಷಿನ್ನಿನ ತಳದ ತಟ್ಟೆ) ಪಟ್ಟಿಗೆ ಅಂಟಿಸಿಕೊಂಡೇ ಹೋಗುತ್ತದೆ. ಪಟ್ಟಿ ಬಲಕ್ಕಿದ್ದರೆ ಮಷಿನ್ ಅದನ್ನು ಬಿಟ್ಟು ಸರಿದು ಗ್ರೂವ್ ಸೊಟ್ಟಗಾಗುತ್ತದೆ.

ಮಷಿನ್ನಿಗೇ ಬೋಲ್ಟ್ ಮಾಡುವ ಎಡ್ಜ್ ಗೈಡ್ ಬಳಸುವಾಗ ಮಾತ್ರ ಗೈಡ್ ಬಲಕ್ಕಿರಬೇಕು. ಅದು ಹಲಗೆಯ ಹೊರಗಿನಿಂದ ಅಂಚನ್ನು ಒತ್ತುವುದರಿಂದ, ಎಡದ ಸೆಳೆತ ಅದನ್ನು ಅಂಚಿಗೆ ಬಿಗಿಯುತ್ತದೆ. ಇಲ್ಲಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು.

ಮರ ಬಲಕ್ಕಿರುವಂತೆ ಓಡಿಸಿದರೆ ಬಿಟ್ ಚಕ್ರದಂತೆ ಅಂಚಿನ ಮೇಲೆ ಹತ್ತಿ ಓಡಲು ನೋಡುತ್ತದೆ. ಇದಕ್ಕೆ ಕ್ಲೈಂಬ್ ಕಟ್ ಎನ್ನುತ್ತಾರೆ. ಪೂರ್ತಿ ಆಳದಲ್ಲಿ ಇದನ್ನು ಮಾಡಿದರೆ ಮಷಿನ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ, ಟ್ರಿಮ್ಮರ್‌ನ್ನು ಒಂದೇ ಕೈಯಲ್ಲಿ ಹಿಡಿದಾಗ ಇನ್ನೂ ಅಪಾಯ. ಆದರೆ 0.5 ಮಿ.ಮೀ.ಗಿಂತ ತೆಳುವಾಗಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಮರ ಅಲುಗದಂತೆ ಕಟ್ಟಿ ಮಾಡಿದರೆ ಅದೇ ಔಷಧ. ಈ ದಿಕ್ಕಿನಲ್ಲಿ ಅಲಗು ನಾರನ್ನು ಹೊರಕ್ಕೆ ಎತ್ತುವುದಿಲ್ಲ, ಒಳಕ್ಕೆ ಒತ್ತಿ ಕತ್ತರಿಸುತ್ತದೆ. ಹೊನ್ನೆ, ಹಲಸಿನಂಥ ಹೆಣೆದ ನಾರಿನ ಮರದಲ್ಲಿ ಸಿಬಿರೇಳುವ ಜಾಗಕ್ಕೆ ಇದು ಒಳ್ಳೆಯ ಉಪಾಯ.

ಉದಾಹರಣೆ ಒಂದು: ಸಾಗುವಾನಿ ಟೇಬಲ್ ಮೇಲ್ಹಲಗೆಗೆ ಗುಂಡಂಚು

1200 × 600 × 25 ಮಿ.ಮೀ. ಹಲಗೆ, ಬೇರಿಂಗ್ ಇರುವ 10 ಮಿ.ಮೀ. ರೌಂಡ್ ಓವರ್ ಬಿಟ್, 18,000 ಸುತ್ತು.

1. ಮೊದಲು ಅಂಚನ್ನು ಕೀಸುಳಿ ಹಾಕಿ, 120 ನಂಬರಿನಲ್ಲಿ ಉಜ್ಜಿ. ಬೇರಿಂಗ್ ತಾನು ಓಡುವ ಮೈಯ ಪ್ರತಿ ಗುಳಿ, ಗರಗಸದ ಪ್ರತಿ ಗೀರನ್ನೂ ಗುಂಡಂಚಿಗೆ ನಕಲು ಮಾಡುತ್ತದೆ. ಈ ಹಂತ ಬಿಟ್ಟು ಆಮೇಲೆ ಬಿಟ್ಟನ್ನು ದೂರಿ ಪ್ರಯೋಜನವಿಲ್ಲ.

2. ಬೇರಿಂಗ್ ಓಡಲು ಜಾಗ ಉಳಿಯುತ್ತದೆಯೇ ಲೆಕ್ಕ ಹಾಕಿ. 25 ಮಿ.ಮೀ. ದಪ್ಪದಲ್ಲಿ ಮೇಲೆ 10, ಕೆಳಗೆ 10 ತೆಗೆದರೆ ನಡುವೆ 5 ಮಿ.ಮೀ. ಚಪ್ಪಟೆ ಉಳಿಯುತ್ತದೆ, ಸಾಕು. ಹಲಗೆ 20 ಮಿ.ಮೀ. ಆಗಿದ್ದರೆ ಎರಡನೆಯ ಕಡೆ ಮಾಡುವಾಗ ಬೇರಿಂಗ್‌ಗೆ ಆಸರೆಯೇ ಇರದೆ ಬಿಟ್ ಒಳಗೆ ನುಗ್ಗುತ್ತದೆ. ಅಲ್ಲಿ ಎಡ್ಜ್ ಗೈಡ್ ಬೇಕು ಅಥವಾ ಸಣ್ಣ ಬಿಟ್ ಬೇಕು.

3. ಹಲಗೆಯನ್ನು ಸೊಂಟದ ಎತ್ತರಕ್ಕೆ, ಅಲುಗದಂತೆ ಕ್ಲ್ಯಾಂಪ್ ಮಾಡಿ. ವೈರನ್ನು ಹೆಗಲ ಮೇಲಿಂದ ಹಾಕಿಕೊಳ್ಳಿ. ಬೇಸ್‌ಗೆ ಮೇಣದಬತ್ತಿ ಉಜ್ಜಿ ಬಟ್ಟೆಯಲ್ಲಿ ಒರೆಸಿದರೆ ಮಷಿನ್ ತಡೆಯಿಲ್ಲದೆ ಜಾರುತ್ತದೆ. ತಡವರಿಸಿ ನಿಂತ ಜಾಗದಲ್ಲೇ ಸುಟ್ಟ ಕಲೆ ಬೀಳುವುದು.

4. ಕನ್ನಡಕ, ಕಿವಿ ಮುಚ್ಚುವ ಸಾಧನ, ಎನ್95 ಮಾಸ್ಕ್ ಹಾಕಿ. ಸಾಗುವಾನಿ ಮತ್ತು ಬೀಟೆಯ ಪುಡಿ ಚರ್ಮಕ್ಕೆ, ಉಸಿರಿಗೆ ಕೆರಳಿಕೆ ಮಾಡುತ್ತದೆ. ಕೈಗವಸು ಬೇಡ. ಹೆಗಲ ಮೇಲಿನ ಟವೆಲ್ ತೆಗೆದಿಡಿ.

5. ಅದೇ ಮರದ ತುಂಡಿನ ಮೇಲೆ ಆಳವನ್ನು ಪರೀಕ್ಷಿಸಿ. ಬಿಟ್ 10 ಮಿ.ಮೀ.ಗಿಂತ ಕೂದಲೆಳೆ ಕೆಳಗಿಳಿದರೂ ಮೇಲ್ಮೈಯಲ್ಲಿ ಮೆಟ್ಟಿಲಿನಂಥ ಗೆರೆ ಬೀಳುತ್ತದೆ. ಆಳದ ಹೆಜ್ಜೆಗಳು 5, 8, 9.5, ಕೊನೆಗೆ 10.

6. ಕೊನೆಯ ಓಟಕ್ಕೆ ಬೇರಿಂಗ್ ಓಡುವ ಅಂಚಿಗೆ ಮೊದಲೇ ಒಂದು ಏರ್ಪಾಡು ಮಾಡಿಕೊಳ್ಳಬಹುದು. ಮಾಸ್ಕಿಂಗ್ ಟೇಪನ್ನು ಮೂರು ನಾಲ್ಕು ಪದರ ಅಂಟಿಸಿ ಮೊದಲಿನ ಓಟಗಳನ್ನೆಲ್ಲ ಅದರ ಮೇಲೆ ಓಡಿಸಿ. ಟೇಪ್ ಕಿತ್ತ ಮೇಲೆ ಬಿಟ್ ಇನ್ನೂ ಅರ್ಧ ಮಿಲಿಮೀಟರ್‌ನಷ್ಟು ಒಳಕ್ಕೆ ಹೋಗಿ, ಹಿಂದಿನ ಕಲೆ ಸಿಬಿರುಗಳನ್ನೆಲ್ಲ ತೆಳುವಾಗಿ ಸವರಿಕೊಂಡು ಬರುತ್ತದೆ. ಬೇರಿಂಗ್ ಬಿಟ್‌ಗಳಲ್ಲಿ ಅಂದದ ಓಟ ಸಾಧ್ಯವಾಗುವುದು ಹೀಗೆ.

7. ಅಡ್ಡ ನಾರಿನ 600 ಮಿ.ಮೀ. ಅಂಚುಗಳನ್ನು ಮೊದಲು ಮಾಡಿ, ಉದ್ದದ ಅಂಚು ಆಮೇಲೆ. ಅಡ್ಡ ನಾರಿನಿಂದ ಹೊರಬರುವಾಗ ಮೂಲೆಯಲ್ಲಿ ಸಿಬಿರು ಹಾರುವುದು ಸಾಮಾನ್ಯ; ಉದ್ದದ ಓಟ ಅದನ್ನು ಕೊರೆದು ಹಾಕುತ್ತದೆ. ಉದ್ದದ ಅಂಚಿಗೆ ಗುಂಡು ಬೇಡವಾದರೆ, ಹೊರಬರುವ ಮೂಲೆಗೆ ಅದೇ ದಪ್ಪದ ತುಂಡೊಂದನ್ನು ಒತ್ತಿ ಕ್ಲ್ಯಾಂಪ್ ಮಾಡಿ.

8. ಬಿಟ್ ಮರಕ್ಕೆ ತಾಗದಂತೆ ಹಿಡಿದು ಸ್ವಿಚ್ ಹಾಕಿ, ಪೂರ್ಣ ವೇಗ ಬಂದ ಮೇಲೆ ಒಳಕ್ಕೆ ತನ್ನಿ. ಕೈ ಚಲಿಸುತ್ತಿರುವಾಗಲೇ ಮರ ಸೇರಬೇಕು, ಚಲಿಸುತ್ತಿರುವಾಗಲೇ ಬಿಡಬೇಕು. 1200 ಮಿ.ಮೀ.ಗೆ 20 ಸೆಕೆಂಡ್ ಇಟ್ಟುಕೊಳ್ಳಿ. ಮೂಲೆಯಲ್ಲಿ ನಿಲ್ಲಬೇಡಿ.

9. ಬೇಸಿನ ಅರ್ಧ ಭಾಗ ಗಾಳಿಯಲ್ಲಿರುತ್ತದೆ, ಹಾಗಾಗಿ ಹಲಗೆಯ ಒಳಬದಿಯ ಹಿಡಿಯ ಮೇಲೆ ಭಾರ ಹಾಕಿ, ಹೊರಗಿನ ಕೈ ಬರೀ ತಳ್ಳಲಿ. ಟ್ರಿಮ್ಮರ್‌ನಲ್ಲಿ ಈ ಓಲಾಟ ಇನ್ನೂ ಹೆಚ್ಚು, 6 ಮಿ.ಮೀ. ಅಕ್ರಿಲಿಕ್‌ನಲ್ಲಿ ಒಂದು ಕಡೆಗೆ ಉದ್ದವಾದ ಬೇಸ್ ಮಾಡಿ, ಒಳತುದಿಗೆ ಹಿಡಿಯೊಂದನ್ನು ಕೂರಿಸಿದರೆ ಸಮಸ್ಯೆ ಮುಗಿಯಿತು.

ನಡುವೆ ಕರೆಂಟ್ ಹೋದರೆ ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಮಷಿನ್ ಕೆಳಗಿಡಿ. ಟ್ರಿಮ್ಮರ್‌ಗಳ ಸ್ವಿಚ್ ಆನ್ ಸ್ಥಿತಿಯಲ್ಲೇ ಕೂತಿರುತ್ತದೆ. ಕರೆಂಟ್ ಮರಳಿದ ಕ್ಷಣ ಮಷಿನ್ ತಾನಾಗಿ ಮೇಜಿನ ಮೇಲೆ ಓಡುತ್ತದೆ.

ಉದಾಹರಣೆ ಎರಡು: ಪ್ಲೈವುಡ್‌ನಲ್ಲಿ ಶೆಲ್ಫ್ ಕೂರುವ ಗ್ರೂವ್

18 ಮಿ.ಮೀ. ಎಂದು ಕೊಂಡ ಪ್ಲೈ ಅಳೆದರೆ ಅನೇಕ ಸಲ ಸ್ವಲ್ಪ ಕಡಿಮೆಯೇ ಇರುತ್ತದೆ. 18ರ ಬಿಟ್ ಹಾಕಿದರೆ ಶೆಲ್ಫ್ ಸಡಿಲ. ಅದಕ್ಕೇ 12 ಮಿ.ಮೀ. ಬಿಟ್‌ನಲ್ಲಿ ಎರಡು ಸಾಲು ಓಡಿಸುವುದು ಮೇಲು.

ಶೆಲ್ಫಿನ ದಪ್ಪ 17.6 ಬಂತೆನ್ನಿ. 17.6ರಿಂದ 12 ಕಳೆದರೆ 5.6. ಅಷ್ಟು ದಪ್ಪದ ತುಂಡು, ಹಳೆ ಮೈಕಾ ಚೂರು ಸೇರಿಸಿಯಾದರೂ ಸರಿ, ಸಿದ್ಧ ಮಾಡಿಕೊಳ್ಳಿ. ಬಿಟ್‌ನ ಅಂಚಿನಿಂದ ಬೇಸಿನ ಅಂಚಿಗೆ ಎಷ್ಟು ದೂರವೆಂದು ಲೆಕ್ಕ ಹಾಕಿ: ಬೇಸ್ 150 ಇದ್ದರೆ 150ರಿಂದ 12 ಕಳೆದು ಅರ್ಧ ಮಾಡಿ, 69 ಮಿ.ಮೀ. ಗ್ರೂವಿನ ಎಡ ಗೆರೆಯಿಂದ ಅಷ್ಟು ದೂರಕ್ಕೆ ನೇರವಾದ ಅಲ್ಯೂಮಿನಿಯಂ ಪಟ್ಟಿ ಕ್ಲ್ಯಾಂಪ್ ಮಾಡಿ. ಬೇಸ್ ಬಿಟ್‌ನ ನಡುವಿಗೆ ಸರಿಯಾಗಿ ಕೂತಿರದಿರಬಹುದು, ಆದ್ದರಿಂದ ತುಂಡಿನ ಮೇಲೆ ಒಮ್ಮೆ ಕೊರೆದು ಅಳತೆ ಖಚಿತಪಡಿಸಿ. ಬೇಸ್ ದುಂಡಗಿದ್ದರೂ ಒಂದೇ ಬಿಂದುವನ್ನು ಪಟ್ಟಿಗೆ ತಾಗಿಸಿಕೊಂಡು ಹೋಗಿ, ಮಷಿನ್ ತಿರುಗಿಸಬೇಡಿ.

ಮೊದಲ ಓಟ ಆ 5.6ರ ತುಂಡನ್ನು ಪಟ್ಟಿಗೂ ಬೇಸಿಗೂ ನಡುವೆ ಇಟ್ಟು. ಎರಡನೆಯ ಓಟ ಅದನ್ನು ತೆಗೆದು. ಈ ಅನುಕ್ರಮ ಮುಖ್ಯ: ಹೀಗೆ ಮಾಡಿದಾಗ ಎರಡನೆಯ ಓಟದಲ್ಲಿ ಅಗಲವಾಗುವುದು ಎಡ ಗೋಡೆ, ಮರ ಎಡಕ್ಕಿರುತ್ತದೆ, ಮಷಿನ್ ಪಟ್ಟಿಗೆ ಒತ್ತಿಕೊಂಡು ಹೋಗುತ್ತದೆ. ಉಲ್ಟಾ ಮಾಡಿದರೆ ಎರಡನೆಯ ಓಟ ಕ್ಲೈಂಬ್ ಕಟ್ ಆಗಿ ಮಷಿನ್ ಎಗರುತ್ತದೆ.

6 ಮಿ.ಮೀ. ಆಳವನ್ನು 3, 2.5, 0.5 ಎಂದು ಇಳಿಸಿ. ಸಾಮಾನ್ಯ ಲೆಕ್ಕದಲ್ಲಿ ಒಂದು ಸಲಕ್ಕೆ ಬಿಟ್ ಅಗಲದ ಅರ್ಧಕ್ಕಿಂತ ಹೆಚ್ಚು ಬೇಡ. ಟ್ರಿಮ್ಮರ್‌ಗೆ 3 ಮಿ.ಮೀ. ಮೇಲ್ಮಿತಿ.

ಪ್ಲೈವುಡ್‌ನ ಮೇಲಿನ ವೆನೀರ್ (ಮರದ ಪದರ) ಕಾಗದದಷ್ಟು ತೆಳು, ನಾರಿಗೆ ಅಡ್ಡವಾಗಿ ಕೊರೆದರೆ ಕಿತ್ತು ಬರುತ್ತದೆ. ಎರಡೂ ಗೆರೆಗಳನ್ನು ಹರಿತವಾದ ಕಟ್ಟರ್ ಚಾಕುವಿನಿಂದ ಪಟ್ಟಿ ಇಟ್ಟು ಮೊದಲೇ ಗೀರಿ. ಮೊದಲ ಓಟವನ್ನು ಬರೀ 1 ಮಿ.ಮೀ. ಆಳ ಮಾಡಿದರೂ ಉಪಯೋಗವಿದೆ. ಸುರುಳಿ ಬಿಟ್ ಇದ್ದರೆ ಕೆಳಮುಖವಾಗಿ ಕತ್ತರಿಸುವ ಡೌನ್‌ಕಟ್ ಆರಿಸಿ. ಮೇಲಿನ ಅಂಚು ಶುದ್ಧವಾಗಿ ಬರುತ್ತದೆ. ಅದು ಪುಡಿಯನ್ನು ತಳಕ್ಕೇ ತುಂಬುವುದರಿಂದ ಪ್ರತಿ ಓಟಕ್ಕೂ ಗ್ರೂವ್ ಊದಿ ತೆಗೆಯಬೇಕು. ಅಪ್‌ಕಟ್ ಬಿಟ್ ಪುಡಿಯನ್ನು ಚೆನ್ನಾಗಿ ಹೊರಹಾಕುತ್ತದೆ, ತಳ ನುಣುಪು ಮಾಡುತ್ತದೆ, ಆದರೆ ಮೇಲಿನ ವೆನೀರನ್ನು ಎತ್ತುತ್ತದೆ.

ದುಂಡು ಮತ್ತು ವಕ್ರ ಅಂಚು

ದುಂಡು ಮೇಜಿನಲ್ಲಿ ನಾರಿನ ದಿಕ್ಕು ಪ್ರತಿ ಕಾಲು ಸುತ್ತಿಗೆ ಬದಲಾಗುತ್ತದೆ. ಅಪ್ರದಕ್ಷಿಣೆ ಓಡಿಸಿದಾಗ ಎದುರುಬದುರಿನ ಎರಡು ಕಾಲುಭಾಗ ನುಣುಪಾಗಿ, ಉಳಿದೆರಡು ಒರಟಾಗಿ ಬರುವುದು ಇದಕ್ಕೇ. ಗೆರೆಯಿಂದ 2 ಮಿ.ಮೀ. ಹೊರಗೆ ಜಿಗ್‌ಸಾದಲ್ಲಿ ಕತ್ತರಿಸಿ, 12 ಮಿ.ಮೀ. ಎಂಡಿಎಫ್ ಟೆಂಪ್ಲೇಟನ್ನು ಎರಡು ಬದಿಯ ಟೇಪಿನಿಂದ ಅಂಟಿಸಿ, ಫ್ಲಶ್ ಟ್ರಿಮ್ ಬಿಟ್‌ನಿಂದ ಸುತ್ತು ಬನ್ನಿ. ಒರಟು ಭಾಗಗಳಲ್ಲಿ ಮಾತ್ರ ಕೊನೆಯ ತೆಳು ಪದರವನ್ನು ಕ್ಲೈಂಬ್ ಕಟ್‌ನಲ್ಲಿ ತೆಗೆಯಿರಿ.

ಮೈಕಾ ಟ್ರಿಮ್ ಮಾಡುವಾಗ 3ರಿಂದ 5 ಮಿ.ಮೀ. ಹೊರಗೆ ಬಿಟ್ಟಿರಿ, ಅದಕ್ಕಿಂತ ಹೆಚ್ಚಾದರೆ ಅದುರಿ ಚಕ್ಕೆ ಹಾರುತ್ತದೆ. ಹೊರಬಂದು ಒಣಗಿದ ಅಂಟನ್ನು ಉಳಿಯಿಂದ ಕೆರೆದು ತೆಗೆದೇ ಶುರುಮಾಡಿ, ಇಲ್ಲವಾದರೆ ಬೇರಿಂಗ್ ಅಂಟು ಮೆತ್ತಿಕೊಂಡು ನಿಂತು, ಅಂಚಿನುದ್ದಕ್ಕೂ ಸುಟ್ಟ ಗೆರೆ ಎಳೆಯುತ್ತದೆ.

ಗುರುತು ನೋಡಿ ಕಾರಣ ಹುಡುಕುವುದು

ಉದ್ದಕ್ಕೂ ಒಂದೇ ಸಮನೆ ಕಪ್ಪಾದರೆ ಮೊಂಡು ಬಿಟ್ ಅಥವಾ ಅಲಗಿಗೆ ಮೆತ್ತಿದ ಅಂಟುರಾಳ. ಅಲ್ಲಲ್ಲಿ ಕಪ್ಪಾದರೆ ಕೈ ಅಲ್ಲಿ ನಿಂತಿದೆ. ತೆಳುವಾದ ಒಂದೇ ಕಪ್ಪು ಗೆರೆಯಾದರೆ ತಿರುಗದ ಬೇರಿಂಗ್. ಅಡ್ಡಡ್ಡವಾಗಿ ಸಮದೂರದ ಅಲೆಗಳಿದ್ದರೆ ಉದ್ದ ಬಿಟ್, ಸವೆದ ಕಾಲೆಟ್, ಸಡಿಲ ಕ್ಲ್ಯಾಂಪ್, ಈ ಕ್ರಮದಲ್ಲಿ ನೋಡಿ. ಅಂಚಿಗೆ ಸಮಾನಾಂತರವಾಗಿ ಮೆಟ್ಟಿಲು ಬಿದ್ದರೆ ಬೇಸ್ ವಾಲಿದೆ ಅಥವಾ ಆಳದ ಲಾಕ್ ಸರಿದಿದೆ. ಸುಟ್ಟ ಕಲೆಯನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಕೂರುವುದಕ್ಕಿಂತ ಇನ್ನೊಂದು 0.3 ಮಿ.ಮೀ. ಕೊರೆಯುವುದು ಬೇಗ ಮುಗಿಯುವ ಕೆಲಸ. ಅಡ್ಡ ನಾರಿನಲ್ಲಂತೂ ಕಲೆ ಆಳಕ್ಕಿಳಿದಿರುತ್ತದೆ.

ಬಿಟ್ ಆರೈಕೆ

ಬಿಟ್ ಮೊಂಡಾಯಿತೆಂದು ಎಸೆಯುವ ಮೊದಲು ತೊಳೆದು ನೋಡಿ. ಸಾಗುವಾನಿಯ ಎಣ್ಣೆ, ಪ್ಲೈನ ಅಂಟು ಅಲಗಿನ ಹಿಂದೆ ಕಟ್ಟಿಕೊಂಡರೆ ಹರಿತ ಬಿಟ್ಟೂ ಮೊಂಡಿನಂತೆ ವರ್ತಿಸುತ್ತದೆ. ಬೇರಿಂಗ್ ಬಿಚ್ಚಿ ಬದಿಗಿಟ್ಟು, ಬಿಟ್ಟನ್ನು ಸೀಮೆಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಒರೆಸಿ. ಬೇರಿಂಗ್ ದ್ರಾವಣಕ್ಕೆ ಬಿದ್ದರೆ ಒಳಗಿನ ಗ್ರೀಸ್ ಕರಗುತ್ತದೆ. ಬೆರಳಲ್ಲಿ ತಿರುಗಿಸಿದಾಗ ಗರಗರ ಎಂದರೆ ಹೊಸದು ಹಾಕಿ.

ತೊಳೆದ ಮೇಲೂ ಕೊರೆಯದಿದ್ದರೆ 600 ನಂಬರಿನ ವಜ್ರದ ಫೈಲ್ ಮೇಲೆ ಅಲಗಿನ ಚಪ್ಪಟೆ ಮುಖವನ್ನು ಮಾತ್ರ ಐದಾರು ಸಲ ಎಳೆಯಿರಿ, ಎರಡೂ ಅಲಗಿಗೆ ಅಷ್ಟಷ್ಟೇ ಸಲ. ಹೊರಗಿನ ಇಳಿಜಾರು ಮುಖ ಮುಟ್ಟಿದರೆ ಬಿಟ್‌ನ ಅಳತೆಯೂ ಆಕಾರವೂ ಕೆಡುತ್ತವೆ. ಬೆಳಕಿಗೆ ಹಿಡಿದಾಗ ಅಲಗಿನ ತುದಿಯಲ್ಲಿ ಬಿಳಿ ಮಿನುಗು ಕಂಡರೆ ಇನ್ನೂ ಮೊಂಡು. ಬೆಳಕನ್ನು ಪ್ರತಿಫಲಿಸದೆ ಗೆರೆ ಮಾಯವಾಗಿದ್ದರೆ ಹರಿತ ಬಂದಿದೆ. ಕಾರ್ಬೈಡ್ ತುದಿ ಮುಕ್ಕಾಗಿದ್ದರೆ ಮಾತ್ರ ಫೈಲ್ ಹಿಡಿಯಬೇಡಿ, ಆ ಬಿಟ್ ಬದಲಿಸಿ.